ಅತ್ತಿಗೆಗೂ ನಿಮ್ಮೆಲ್ಲರಿಗೂ

ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದಿದ್ದೇನೆ. ಸಾಲಗಾಮೆ ರಸ್ತೆಯಿಂದ ದಿನಾ ಊಟ ತಂದವರು, ರಕ್ತ ಕೊಟ್ಟ ಹುಡುಗರು, ಚನ್ನರಾಯಪಟ್ಟಣದಿಂದ ಬಸ್ ಹತ್ತಿ ಬಂದ ದೊಡ್ಡಮ್ಮ, ನನ್ನ ಕೆಲಸವನ್ನೂ ಮಾಡಿದ ಆಫೀಸಿನವರು, ಎಲ್ಲರಿಗೂ ಥ್ಯಾಂಕ್ಸ್. ಏನಾಗಿತ್ತು ಅಂತ ನಿಮಗೆ ಗೊತ್ತೇ ಇದೆ.

ಅತ್ತಿಗೆ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಹಳೆಯ ಆಪರೇಷನ್ನಿನ ನಡುವೆ ನನಗೆ ಎಚ್ಚರವಾಗಿತ್ತು. ಮಾತು ಕೇಳಿಸುತ್ತಿತ್ತು, ಬೆರಳು ಅಲ್ಲಾಡುತ್ತಿರಲಿಲ್ಲ. ಆಮೇಲೆ ಹೇಳಿದರೆ ಕನಸು ಅಂದುಬಿಟ್ಟರು. ಹಾಗಾಗಿ ಈ ಸಲ ಹಿಂದಿನ ರಾತ್ರಿ ಹಾಸನದ ಆ ವಾರ್ಡಿನಲ್ಲಿ ಕಣ್ಣು ಮುಚ್ಚಲೂ ಭಯ. ಹಣೆಗೆ ಪಟ್ಟಿ ಅಂಟಿಸಿ ಮೆದುಳಿನ ಅಲೆ ನೋಡುವ ಬಿಐಎಸ್ ಮಾನಿಟರ್ ಇರುತ್ತೆ, ಹೆದರಬೇಡ ಅಂತ ಎಲ್ಲರೂ ಹೇಳಿ ಹೋಗಿದ್ದರು.

ಅತ್ತಿಗೆ ಹಾಗೆ ಹೇಳಲಿಲ್ಲ. ಓಟಿ ನರ್ಸ್ ಅಲ್ವಾ, ಒಳಗಿನದೆಲ್ಲ ಗೊತ್ತು. ಸ್ಟೂಲ್ ಎಳೆದುಕೊಂಡು ಕಿತ್ತಳೆ ಸುಲಿಯುತ್ತಾ ಕೂತರು. ಪೂರ್ತಿ ಎಚ್ಚರವಿದ್ದರೆ ಆ ಮಾನಿಟರ್ ತೋರಿಸುವ ನಂಬರ್ 100ರ ಹತ್ತಿರ, ಆಪರೇಷನ್ ಹೊತ್ತಲ್ಲಿ 40ರಿಂದ 60 ಅಂದರು. ಆದರೆ ಹಣೆಯ ಸ್ನಾಯು ಬಿಗಿಯಾದರೂ ಏರುತ್ತೆ, ಕೆಟಮಿನ್ ಅನ್ನೋ ಅರಿವಳಿಕೆ ಔಷಧಿ ಕೊಟ್ಟರೂ ಏರಬಹುದು. ಎಚ್ಚರವಾಗಿದ್ದವರಿಗೆ ಬರೀ ಸ್ನಾಯು ಸಡಿಲಿಸುವ ಔಷಧಿ ಕೊಟ್ಟಾಗ ಇಳಿದದ್ದೂ ಇದೆ. "ಅದನ್ನೇ ದೇವರು ಅಂದ್ಕೋಬೇಡ. ಇರಲಿ, ಒಳ್ಳೇದೇ. ಆದ್ರೆ ನಿನ್ನ ಹಳೇ ವಿಷಯ ಡಾಕ್ಟರಿಗೆ ಹೇಳು. ಹಾಗಾಗೋದು ಅಪರೂಪ, ಆದ್ರೆ ಆಗುತ್ತೆ."

ಅಳು ತಡೆಯಲಾಗಲಿಲ್ಲ. ಅಷ್ಟು ವರ್ಷ ಆ ಮಾತನ್ನು ಯಾರೂ ನಂಬಿರಲಿಲ್ಲ. ಅತ್ತಿಗೆ ಸುಮ್ನೆ ಒಂದೊಂದೇ ತೊಳೆ ಕೈಗಿಡುತ್ತಾ ಬೆಳಗಿನವರೆಗೂ ಕೂತಿದ್ದರು.

ಬೆಳಿಗ್ಗೆ ಅರಿವಳಿಕೆ ಡಾಕ್ಟರ್ ಬಂದಾಗ ನನ್ನ ಗಂಟಲು ಕಟ್ಟಿತು. ಅತ್ತಿಗೆಯೇ ಮಾತು ಶುರು ಮಾಡಿಕೊಟ್ಟರು. ಡಾಕ್ಟರ್ ಪೂರ್ತಿ ಕೇಳಿ ಬರೆದುಕೊಂಡರು. ನಂಬರ್ ಒಂದನ್ನೇ ನೋಡಲ್ಲ, ಬಿಪಿ, ಉಸಿರಿನಲ್ಲಿ ಹೊರಬರುವ ಅರಿವಳಿಕೆ ಅನಿಲದ ಪ್ರಮಾಣ, ಅಲೆಯ ಗೆರೆ ಎಲ್ಲ ನೋಡ್ತೀವಿ ಅಂದರು. ಅವರಿಗೂ ಋಣಿ.

ಮನೆಗೆ ಬಂದ ಮೇಲೆ ನಾನೂ ಓದಿದೆ. 2004ರ ಬಿ-ಅವೇರ್ ಅಧ್ಯಯನದಲ್ಲಿ, ಅಪಾಯ ಜಾಸ್ತಿ ಇದ್ದವರ ಪೈಕಿ ಬಿಐಎಸ್ ಇಟ್ಟ ಗುಂಪಿನಲ್ಲಿ 2 ಜನರಿಗೆ, ಇಡದ ಗುಂಪಿನಲ್ಲಿ 11 ಜನರಿಗೆ ಎಚ್ಚರವಾಗಿತ್ತು. 2008ರ ಬಿ-ಅನವೇರ್‌ನಲ್ಲಿ, ಉಸಿರಿನ ಆ ಅನಿಲ ಅಳೆದು ಅಲಾರಂ ಇಟ್ಟವರಿಗಿಂತ ಬಿಐಎಸ್ ಹೆಚ್ಚೇನೂ ಕಾಪಾಡಲಿಲ್ಲ. ಅತ್ತಿಗೆ ಹೇಳಿದ್ದಕ್ಕೆ ಸರಿಯಾಗಿಯೇ ಇದೆ.

ಈ ಸಲ ನನಗೆ ಏನೂ ನೆನಪಿಲ್ಲ. ಅತ್ತಿಗೆ, ಬಿಲ್ಲಿನಲ್ಲಿ ಆ ಹಣೆಪಟ್ಟಿಯ ದುಡ್ಡು ನೋಡಿ ಅಣ್ಣ ಇನ್ನೂ ಗೊಣಗುತ್ತಿದ್ದಾನೆ. ಅವನಿಗೆ ನೀವೇ ಉತ್ತರ ಕೊಡಿ.