ಸೆಖೆಯ ಊರಿನಲ್ಲಿ ಹೆಣಿಗೆ: ಮಡಿಕೇರಿಯ ಗೆಳತಿಗೊಂದು ಪತ್ರ

ಕುಂಬಳೆ, ಕಾಸರಗೋಡು ಜಿಲ್ಲೆ

ಪ್ರಿಯ ಗೆಳತಿ,

ನಾವೆಲ್ಲರೂ ಕ್ಷೇಮ. ಮಡಿಕೇರಿಯ ಮಂಜಿನಲ್ಲಿ ನೀನೂ ಮನೆಯವರೂ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ವರ್ಷವಿಡೀ ಫ್ಯಾನ್ ತಿರುಗುತ್ತಲೇ ಇರಬೇಕಾದ ಕಡಲ ತಡಿಯಲ್ಲಿ ಕುಳಿತು ಯಾರಿಗಾಗಿ ಇಷ್ಟೊಂದು ಹೆಣೆಯುತ್ತೀಯೆ ಎಂದು ನೀನು ಕೇಳಿದ್ದೆ. ಇದೇ ಪ್ರಶ್ನೆಯನ್ನು ನೆಂಟರೂ ನೆರೆಯವರೂ ಬೇರೆ ಬೇರೆ ಬಗೆಯಲ್ಲಿ ಕೇಳುತ್ತಾರೆ. ಅವರಿಗೆ ಒಂದೆರಡು ಮಾತಿನಲ್ಲಿ ಉತ್ತರ ಕೊಟ್ಟು ಸುಮ್ಮನಾಗುತ್ತೇನೆ. ನಿನಗೆ ಹಾಗೆ ಹೇಳಿ ಮುಗಿಸಲು ಮನಸ್ಸು ಒಪ್ಪುವುದಿಲ್ಲ. ಒಂದೇ ಬೆಂಚಿನಲ್ಲಿ ಕುಳಿತು ಕನ್ನಡ ಮಾಧ್ಯಮದಲ್ಲಿ ಓದಿದವರು ನಾವು. ಹೊಲಿಗೆ ಟೀಚರ್ ನನ್ನ ಕೈಗೆ ತುದಿಯಲ್ಲಿ ಕೊಕ್ಕೆಯಿರುವ ಕ್ರೋಶಾ ಕಡ್ಡಿ ಕೊಟ್ಟು ಚೈನ್, ಅಂದರೆ ಕುಣಿಕೆಗಳ ಸರಪಳಿ, ಹಾಕಲು ಕಲಿಸಿದಾಗ ನೀನೂ ಪಕ್ಕದಲ್ಲೇ ಇದ್ದೆ.

ನಮ್ಮ ಊರಿಗೆ ಸ್ವೆಟರ್ ಬೇಡ ಎಂಬುದು ನಿಜ. ಉಲ್ಲನ್ ದಾರವನ್ನು ತಂದಿಟ್ಟರೂ ಜೂನ್ ತಿಂಗಳ ಮಳೆ ಹಿಡಿಯಿತೆಂದರೆ ಅದಕ್ಕೆ ಮುಗ್ಗಲು ವಾಸನೆ ಬರುತ್ತದೆ. ಅಕ್ಟೋಬರಿನಲ್ಲಿ ಬಿಸಿಲು ಕಾಣುವವರೆಗೆ ಅದನ್ನು ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕಾಗುತ್ತದೆ. ಆದ್ದರಿಂದ ನನ್ನ ಕೈಯಲ್ಲಿ ಹೆಚ್ಚಾಗಿ ಇರುವುದು ಹತ್ತಿಯ ನೂಲು. ನಮಾಝಿನ ಟೋಪಿ, ಕುರ್‌ಆನಿನ ಹೊದಿಕೆ, ಮೇಜಿನ ಹಾಸು, ಹಸುಗೂಸುಗಳ ಕಾಲುಚೀಲ, ತಟ್ಟೆ ಮುಚ್ಚಲು ಅಂಚಿಗೆ ಮಣಿ ಕಟ್ಟಿದ ಜಾಲಿ ಬಟ್ಟೆ, ಇವೆಲ್ಲ ಸೆಖೆಯ ಊರಿಗೂ ಬೇಕಾದ ವಸ್ತುಗಳೇ. ಎರಡು ಕಡ್ಡಿಯ ಹೆಣಿಗೆಯನ್ನು ನಾನು ಕೈಗೆತ್ತಿಕೊಳ್ಳುವುದು ನಿನ್ನಂತೆ ಘಟ್ಟದ ಮೇಲೆ ಇರುವವರಿಗಾಗಿ. ಆದರೆ ನಿನ್ನ ಪ್ರಶ್ನೆಗೆ ಇದು ಅರ್ಧ ಉತ್ತರ ಮಾತ್ರ. ಯಾರಿಗೂ ಬೇಡದಿದ್ದರೂ ನಾನು ಹೆಣೆಯುತ್ತಿದ್ದೆ ಎಂಬುದು ಉಳಿದ ಅರ್ಧ.

ನೀನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಟೋಪಿಯೊಂದು ಹೇಗೆ ಬೆಳೆಯುತ್ತದೆ ಎಂಬುದನ್ನು ಹೇಳಿದರೆ ನನ್ನ ಸಂತೋಷ ನಿನಗೆ ಬೇಗ ತಿಳಿದೀತು. ನೂಲನ್ನು ಬೆರಳಿಗೆ ಸುತ್ತಿ ಒಂದು ಉಂಗುರ ಮಾಡಿಕೊಂಡು ಅದರೊಳಗೆ 12 ಡಬಲ್ ಕ್ರೋಶಾ, ಅಂದರೆ ನೂಲನ್ನು ಕಡ್ಡಿಗೆ ಒಮ್ಮೆ ಸುತ್ತಿಕೊಂಡು ಹಾಕುವ ಉದ್ದನೆಯ ಕುಣಿಕೆ, ಹಾಕುತ್ತೇನೆ. ಎರಡನೆಯ ಸುತ್ತಿನಲ್ಲಿ ಪ್ರತಿ ಕುಣಿಕೆಗೂ ಎರಡೆರಡು ಹಾಕಿದಾಗ 24 ಆಗುತ್ತದೆ, ಮೂರನೆಯದಕ್ಕೆ 36, ನಾಲ್ಕನೆಯದಕ್ಕೆ 48. ಸುತ್ತಿನ ಅಗಲ ಒಂದೇ ಆಗಿರುವುದರಿಂದ ಪರಿಧಿಯೂ ಪ್ರತಿ ಸುತ್ತಿಗೆ ಒಂದೇ ಪ್ರಮಾಣದಲ್ಲಿ ಹೆಚ್ಚಬೇಕಲ್ಲವೇ? ಆ ಹನ್ನೆರಡನ್ನು ತಪ್ಪದೆ ಕೂಡಿಸುತ್ತ ಹೋದರೆ ಬಿಲ್ಲೆ ಸಪಾಟಾಗಿ ಮೇಜಿನ ಮೇಲೆ ಮಲಗುತ್ತದೆ. ಕಡಿಮೆ ಕೂಡಿಸಿದರೆ ಬಟ್ಟಲಿನಂತೆ ಮೇಲಕ್ಕೆ ಬಾಗುತ್ತದೆ. ಹೆಚ್ಚು ಕೂಡಿಸಿದರೆ ಅಂಚು ನೆರಿಗೆ ನೆರಿಗೆಯಾಗಿ ಅಲೆಯೇಳುತ್ತದೆ. ದೊಡ್ಡವರ ತಲೆಯ ಸುತ್ತಳತೆ 56 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಬಿಲ್ಲೆಯ ವ್ಯಾಸ ಸುಮಾರು 18 ಬರಬೇಕು. ಟೋಪಿ ತಲೆಗೆ ಹಿಡಿದು ಕುಳಿತುಕೊಳ್ಳಲೆಂದು ನಾನು 17ಕ್ಕೇ ನಿಲ್ಲಿಸುತ್ತೇನೆ. ಆಮೇಲೆ ಏನನ್ನೂ ಕೂಡಿಸದೆ ಸುತ್ತು ಹಾಕುತ್ತ ಹೋದರೆ ಗೋಡೆ ಎದ್ದು ನಿಲ್ಲುತ್ತದೆ. ಕೂಡಿಸುವುದನ್ನು ನಿಲ್ಲಿಸಿದ ಮೊದಲ ಸುತ್ತಿನಲ್ಲೇ ಬಿಲ್ಲೆಯ ಅಂಚು ತಾನಾಗಿ ಕೆಳಕ್ಕೆ ಮಡಚಿಕೊಳ್ಳಲು ತೊಡಗುತ್ತದೆ. ಎಷ್ಟು ಟೋಪಿ ಹೆಣೆದರೂ ಆ ಗಳಿಗೆಯನ್ನು ನೋಡುವ ಆಸೆ ನನಗೆ ತೀರಿಲ್ಲ.

ಅಂಚು ಅಲೆಯೇಳುವುದೆಂದೆನಲ್ಲ, ಅದನ್ನೇ ಹಿಡಿದು ಒಬ್ಬಾಕೆ ಗಣಿತ ಕಲಿಸಿದ್ದಾರೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ, ಲಾಟ್ವಿಯಾ ಮೂಲದ ಡೈನಾ ತೈಮಿನಾ 1997ರಲ್ಲಿ ಹೈಪರ್ಬೋಲಿಕ್ ಜ್ಯಾಮಿತಿಯ ಮೇಲ್ಮೈಯನ್ನು, ಅಂದರೆ ಎಲ್ಲೆಡೆ ಕುದುರೆಯ ಜೀನಿನಂತೆ ಬಾಗಿರುವ ಮೇಲ್ಮೈಯನ್ನು, ಕ್ರೋಶಾದಲ್ಲಿ ಹೆಣೆದು ತೋರಿಸಿದರು. ಅದಕ್ಕೆ ಮೊದಲು ಅದರ ಮಾದರಿಯನ್ನು ಕಾಗದದಲ್ಲಿ ಮಾಡುತ್ತಿದ್ದರು, ಅದು ಕೈಯಲ್ಲಿ ಹಿಡಿದರೆ ಹರಿಯುತ್ತಿತ್ತು. ನಾನು ಪ್ರತಿ ಸುತ್ತಿಗೆ ಒಂದೇ ಸಂಖ್ಯೆಯನ್ನು ಕೂಡಿಸಿದರೆ ಅವರು ಒಂದೇ ಅನುಪಾತದಲ್ಲಿ ಹೆಚ್ಚಿಸಿದರು, ಅಷ್ಟೇ ವ್ಯತ್ಯಾಸ. ನಿನ್ನ ಹತ್ತನೆಯ ತರಗತಿಯ ಮಕ್ಕಳಿಗೆ ತೋರಿಸಲು ಅಂಥದೊಂದನ್ನು ನಾನೇ ಹೆಣೆದು ಕೊಡಬಲ್ಲೆ.

ದಿನದಲ್ಲಿ ನನಗೆ ಇದಕ್ಕೆ ಸಿಗುವ ಹೊತ್ತು ಮಧ್ಯಾಹ್ನದ ಊಟವಾಗಿ ಪಾತ್ರೆ ತೊಳೆದ ಮೇಲಿನಿಂದ ಅಸರ್ ಬಾಂಗ್, ಅಂದರೆ ಸಂಜೆಗೆ ಮುಂಚಿನ ನಮಾಝಿನ ಕರೆ, ಕೇಳುವವರೆಗೆ. ರಂಝಾನಿನ ನೋಂಬಿನ ತಿಂಗಳಲ್ಲಿ ಆ ಹೊತ್ತು ಇನ್ನಷ್ಟು ಉದ್ದವಾಗುತ್ತದೆ. ಆಗ ನಾನು ಕುಣಿಕೆಯೊಂದಕ್ಕೆ ಒಂದರಂತೆ ದಿಕ್ರ್, ಅಂದರೆ ಅಲ್ಲಾಹನ ಸ್ಮರಣೆಯ ನುಡಿ, ಹೇಳಿಕೊಳ್ಳುತ್ತೇನೆ: ಸುಬ್ಹಾನಲ್ಲಾಹ್ 33, ಅಲ್‌ಹಮ್ದುಲಿಲ್ಲಾಹ್ 33, ಅಲ್ಲಾಹು ಅಕ್ಬರ್ 34. ಟೋಪಿಯ ಲೆಕ್ಕವೂ ದಿಕ್ರಿನ ಲೆಕ್ಕವೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಹಾಗಾಗಿ ಸುತ್ತಿನ ಆರಂಭಕ್ಕೆ ಬಣ್ಣದ ದಾರದ ಚೂರೊಂದನ್ನು ಗುರುತಿಗೆ ಕಟ್ಟಿ, ಬಾಯಿಯ ಲೆಕ್ಕವನ್ನು ಬಾಯಿಗೇ ಬಿಡುತ್ತೇನೆ. ಅಂಥ ಹೊತ್ತಿನಲ್ಲಿ ಮನಸ್ಸಿಗೆ ಸಿಗುವ ನೆಮ್ಮದಿ ಬೇರೆ ಯಾವ ಕೆಲಸದಲ್ಲೂ ನನಗೆ ಸಿಕ್ಕಿಲ್ಲ.

ಮನೆಯಲ್ಲಿರುವ ಹೆಂಗಸಿಗೆ ಕ್ರೋಶಾ ಒಗ್ಗುವುದಕ್ಕೆ ಇನ್ನೊಂದು ಕಾರಣವಿದೆ. ಎರಡು ಕಡ್ಡಿಯ ಹೆಣಿಗೆಯಲ್ಲಿ ಒಂದು ಸಾಲಿನ ಎಲ್ಲ ಕುಣಿಕೆಗಳೂ ಕಡ್ಡಿಯ ಮೇಲೆ ಬಾಯ್ತೆರೆದುಕೊಂಡೇ ಇರುತ್ತವೆ, ಕಡ್ಡಿ ಜಾರಿತೆಂದರೆ ಏಣಿಯಂತೆ ಕೆಳಗಿನವರೆಗೂ ಬಿಚ್ಚಿಕೊಳ್ಳುತ್ತವೆ. ಕ್ರೋಶಾದಲ್ಲಿ ಯಾವಾಗಲೂ ಬಿಡುವಾಗಿರುವುದು ಒಂದೇ ಕುಣಿಕೆ. ಬಾಂಗ್ ಆಯಿತು, ಹಾಲು ಉಕ್ಕಿತು, ಮಗು ಅತ್ತಿತು ಎಂದಾಗ ಆ ಒಂದು ಕುಣಿಕೆಯನ್ನು ಉದ್ದಕ್ಕೆ ಎಳೆದಿಟ್ಟು ಎದ್ದು ಹೋದರೆ ಸಾಕು, ಮರಳಿ ಬಂದಾಗ ಬಿಟ್ಟಲ್ಲಿಂದಲೇ ಮುಂದುವರಿಸಬಹುದು. ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 92ನೆಯ ವಚನದಲ್ಲಿ, ಗಟ್ಟಿಯಾಗಿ ನೂತ ನೂಲನ್ನು ತಾನೇ ಬಿಚ್ಚಿ ಚೂರು ಮಾಡಿದ ಹೆಂಗಸಿನಂತಾಗಬೇಡಿ ಎಂಬ ಮಾತಿದೆ. ಕೊಟ್ಟ ಮಾತನ್ನು ಮುರಿಯುವವರ ಕುರಿತ ವಚನ ಅದು. ಓದುವಾಗಲೆಲ್ಲ ನನ್ನ ಕೈಗಳಿಗೆ ಅದು ಬೇರೆಯವರಿಗಿಂತ ಸ್ವಲ್ಪ ಹೆಚ್ಚು ತಟ್ಟುತ್ತದೆ. ಅದೇ ಅಧ್ಯಾಯದ 80ನೆಯ ವಚನವು ಪ್ರಾಣಿಗಳ ಉಣ್ಣೆ, ತುಪ್ಪಟ, ಕೂದಲುಗಳಿಂದ ದೊರೆಯುವ ಮನೆಬಳಕೆಯ ವಸ್ತುಗಳನ್ನು ಅಲ್ಲಾಹನ ಅನುಗ್ರಹಗಳ ಸಾಲಿನಲ್ಲಿ ಎಣಿಸುತ್ತದೆ.

ಇದು ಮಿಷನರಿಗಳು ತಂದ ಕಾನ್ವೆಂಟಿನ ಕೆಲಸ, ನಮ್ಮವರಿಗೆ ಯಾಕೆ ಎಂದು ನಮ್ಮ ಕುಟುಂಬದ ಹಿರಿಯರೊಬ್ಬರು ಒಮ್ಮೆ ಕೇಳಿದ್ದರು. ಕ್ರೋಶಾದ ಮಟ್ಟಿಗೆ ಅವರ ಮಾತಿನಲ್ಲಿ ಹುರುಳಿದೆ. ನಾವು ಇಂದು ಮಾಡುವ ರೂಪದಲ್ಲಿ ಅದು 19ನೆಯ ಶತಮಾನದ ಯುರೋಪಿನಲ್ಲಿ ಬೆಳೆದದ್ದು. ಎರಡು ಕಡ್ಡಿಯ ಹೆಣಿಗೆಯ ಚರಿತ್ರೆ ಬೇರೆ. ಉಳಿದುಬಂದಿರುವ ಅತ್ಯಂತ ಹಳೆಯ ಹೆಣಿಗೆಗಳು ಮುಸ್ಲಿಂ ಆಳ್ವಿಕೆಯ ಕಾಲದ ಈಜಿಪ್ಟಿನವು. ನೀಲಿ ಮತ್ತು ಬಿಳಿ ಹತ್ತಿ ನೂಲಿನ ಕಾಲುಚೀಲಗಳು, ಅವುಗಳ ಚೂರುಗಳು. ಸ್ಪೇನಿನ ಬುರ್ಗೋಸ್ ನಗರದ ಲಾಸ್ ಉಯೆಲ್ಗಾಸ್ ಮಠದಲ್ಲಿ, 1275ರಲ್ಲಿ ತೀರಿಕೊಂಡ ರಾಜಕುಮಾರ ಫೆರ್ನಾಂದೋ ದೆ ಲಾ ಸೆರ್ದಾನ ಸಮಾಧಿಯೊಳಗೆ ರೇಷ್ಮೆಯಲ್ಲಿ ಹೆಣೆದ ದಿಂಬೊಂದು ಸಿಕ್ಕಿತು. ಕ್ರೈಸ್ತ ಅರಮನೆಗೆ ಕೆಲಸ ಮಾಡುತ್ತಿದ್ದ ಮುಸ್ಲಿಂ ಕುಶಲಕರ್ಮಿಗಳ ಕೆಲಸವದು ಎಂದು ವಿದ್ವಾಂಸರು ಹೇಳುತ್ತಾರೆ. ಅದರ ಅಂಚಿನಲ್ಲಿ ಅರಬ್ಬಿಯ ಹಳೆಯ ಕೂಫೀ ಲಿಪಿಯಲ್ಲಿ ಬರಕತ್, ಅಂದರೆ ಆಶೀರ್ವಾದ, ಎಂದು ಹೆಣೆದಿದೆ. ಒಂದು ಇಂಚಿಗೆ ಸುಮಾರು 20 ಕುಣಿಕೆ! ನಾನು ಉಲ್ಲನ್ನಿನಲ್ಲಿ ಹೆಣೆದರೆ ಇಂಚಿಗೆ ಐದೋ ಆರೋ ಬರುತ್ತವೆ. ಆ ಕೈಗಳು ಯಾರವು, ಗಂಡಸಿನವೋ ಹೆಂಗಸಿನವೋ, ಯಾರೂ ಬರೆದಿಟ್ಟಿಲ್ಲ. ನಾನು ಮಾತ್ರ ಅವರನ್ನು ನನ್ನ ಹಿರೀಕರೆಂದೇ ಎಣಿಸಿಕೊಂಡಿದ್ದೇನೆ.

ಇನ್ನು ಎಲ್ಲರೂ ಕೇಳುವ ಮಾತು: ಇಷ್ಟು ಚೆನ್ನಾಗಿ ಮಾಡುತ್ತೀಯಲ್ಲ, ಮಾರಬಾರದೇ? ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ನನ್ನ ಉತ್ತರ ಇಲ್ಲ ಎಂದೇ, ಅದಕ್ಕೆ ಕಾರಣ ನಮ್ಮ ಜಿಲ್ಲೆಯಲ್ಲೇ ಇದೆ. ಮಾಲಿಕ್ ದೀನಾರ್ ಮಸೀದಿ ಇರುವ ತಳಂಗರೆಯ ಟೋಪಿಯ ಹೆಸರನ್ನು ನೀನು ಕೇಳಿದ್ದೀಯೆ. ಅದು ಕ್ರೋಶಾ ಅಲ್ಲ, ಬಿಳಿ ಹತ್ತಿ ಬಟ್ಟೆಯ ಮೇಲಿನ ಸೂಜಿ ಕೆಲಸ. ಮನೆಮನೆಯ ಹೆಂಗಸರು ಅಡುಗೆ, ಮಕ್ಕಳು, ಕೊಟ್ಟಿಗೆ ಎಲ್ಲವನ್ನೂ ಮುಗಿಸಿ, ಉಳಿದ ಬೆಳಕಿನಲ್ಲಿ ಕೂಲಿಗೆ ಹೊಲಿದ ಆ ಟೋಪಿಗಳು ಗಲ್ಫ್ ದೇಶಗಳವರೆಗೆ ಹೋದವು. ಯಂತ್ರದ ಟೋಪಿಗಳು ಅಗ್ಗವಾಗಿ ಬಂದ ಮೇಲೆ ಆ ಕೆಲಸ ಕುಗ್ಗುತ್ತ ಬಂತು. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರದ ಕ್ರೋಶಾ ಲೇಸಿನದೂ ಇದಕ್ಕೆ ಹತ್ತಿರದ ಕಥೆ. ಮಿಷನರಿಗಳು 19ನೆಯ ಶತಮಾನದಲ್ಲಿ ಅಲ್ಲಿನ ಹೆಂಗಸರಿಗೆ ಕಲಿಸಿದ ಆ ಕೆಲಸ ದೊಡ್ಡ ರಫ್ತು ವ್ಯಾಪಾರವಾಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅಲ್ಲಿಗೆ ಹೋಗಿ ನೋಡಿ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎತ್ತಿ ತೋರಿಸಿದ್ದು ಒಂದು ಸಂಗತಿಯನ್ನು: ದಿನಕ್ಕೆ ಆರೆಂಟು ಗಂಟೆ ಲೇಸು ಹೆಣೆಯುವ ಹೆಂಗಸರನ್ನು ವ್ಯಾಪಾರಿಗಳೂ ಮನೆಯವರೂ ಕೆಲಸಗಾರರೆಂದು ಎಣಿಸಲೇ ಇಲ್ಲ, ಬಿಡುವಿನಲ್ಲಿ ಏನೋ ಮಾಡುವ ಗೃಹಿಣಿಯರೆಂದು ಕರೆದರು, ಆ ಹೆಸರಿನ ಮರೆಯಲ್ಲಿ ಕೂಲಿಯನ್ನು ತೀರ ಕೆಳಗೆ ಇಟ್ಟರು.

ಅವರ ದುಡಿಮೆಯನ್ನು ಹವ್ಯಾಸವೆಂದು ಕರೆದದ್ದು ಅನ್ಯಾಯ. ಅದೇ ಕಾರಣಕ್ಕೆ ನನ್ನ ಹವ್ಯಾಸವನ್ನು ದುಡಿಮೆಯಾಗಿಸಲು ನನಗೆ ಇಷ್ಟವಿಲ್ಲ. ಮೇಜಿನ ಹಾಸೊಂದನ್ನು ಹೆಣೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅದಕ್ಕೆ ನ್ಯಾಯವಾದ ಬೆಲೆ ಹೇಳಿದರೆ ಕೊಳ್ಳುವವರು ದಂಗಾಗುತ್ತಾರೆ, ಅವರು ಕೊಡಬಯಸುವ ಬೆಲೆಗೆ ಒಪ್ಪಿಕೊಂಡರೆ ಇದನ್ನೇ ನಂಬಿ ಬದುಕುವ ಇನ್ನೊಬ್ಬಳ ಕೂಲಿಯನ್ನು ನಾನು ಕೆಡಿಸಿದಂತಾಗುತ್ತದೆ. ಮನೆಯ ಖರ್ಚು ಬೇರೆ ದಾರಿಯಲ್ಲಿ ನಡೆಯುವ ಅನುಕೂಲ ನನಗಿದೆ, ಅದು ಎಲ್ಲರಿಗೂ ಇಲ್ಲ. ಈ ಅನುಕೂಲವಿರುವಾಗ ದಿನದ ಒಂದೆರಡು ಗಂಟೆಯಾದರೂ ನನ್ನ ಸಂತೋಷಕ್ಕೆಂದೇ ಉಳಿಯಲಿ. ಮುಸ್ಲಿಂ ಹೆಂಗಸು ಮನೆಯೊಳಗೆ ಕುಳಿತು ಏನಾದರೂ ಮಾಡುತ್ತಿದ್ದರೆ ನೋಡಿದವರು ಬಡತನವೋ ಬಂಧನವೋ ಎರಡರಲ್ಲಿ ಒಂದನ್ನು ಊಹಿಸುತ್ತಾರೆ. ಅವಳಿಗೆ ಅದು ಇಷ್ಟ ಎಂಬ ಸರಳ ಕಾರಣ ಯಾರಿಗೂ ಹೊಳೆಯುವುದಿಲ್ಲ. ಇದು ನನಗೆ ನಿಜವಾಗಿಯೂ ನೋವು ತರುವ ವಿಷಯ.

ಗೊಂಬೆಗಳ ಬಗ್ಗೆಯೂ ಕೇಳಿದ್ದೆ. ಜೀವಿಗಳ ರೂಪ ಮಾಡುವುದಕ್ಕೆ ನಮ್ಮಲ್ಲಿ ಹಿಂಜರಿಯುವವರಿದ್ದಾರೆ. ಆದರೆ ಪ್ರವಾದಿಯವರ ಪತ್ನಿ ಆಯಿಷಾ ಬೀವಿಯವರು ಎಳೆಯ ವಯಸ್ಸಿನಲ್ಲಿ ಗೊಂಬೆಗಳೊಂದಿಗೆ, ರೆಕ್ಕೆಯುಳ್ಳ ಕುದುರೆಯ ಆಟಿಕೆಯೊಂದಿಗೂ ಆಡುತ್ತಿದ್ದುದು ಪ್ರವಾದಿಯವರ ನಡೆನುಡಿಗಳ ದಾಖಲೆಯಾದ ಹದೀಸಿನಲ್ಲಿ ಬರುತ್ತದೆ, ಅದನ್ನು ಆಧರಿಸಿ ಮಕ್ಕಳ ಆಟಿಕೆಗೆ ಅಡ್ಡಿಯಿಲ್ಲವೆಂದು ಹಲವು ವಿದ್ವಾಂಸರು ಹೇಳಿದ್ದಾರೆ. ನಾನು ಮೊಲ, ಆಮೆ, ಮೀನುಗಳನ್ನು ಮಕ್ಕಳಿಗಷ್ಟೇ ಹೆಣೆದು ಕೊಡುತ್ತೇನೆ.

ಮತ್ತೆ ಶುರು ಮಾಡುವ ಆಸೆ ನಿನಗಿದ್ದರೆ 4 ಮಿಲಿಮೀಟರಿನ ಅಲ್ಯೂಮಿನಿಯಂ ಕಡ್ಡಿಯೊಂದನ್ನೂ, ತಿಳಿ ಬಣ್ಣದ, ತೀರ ತೆಳ್ಳಗಿರದ ಹತ್ತಿ ನೂಲಿನ ಉಂಡೆಯೊಂದನ್ನೂ ತೆಗೆದುಕೋ. ಕಪ್ಪು ನೂಲು ಬೇಡ. ಕಲಿಯುವವರಿಗೆ ಅದರಲ್ಲಿ ಕುಣಿಕೆಗಳೇ ಕಾಣುವುದಿಲ್ಲ. ಉಂಗುರ ಬಿಗಿಯುವುದು ಬಾರದಿದ್ದರೆ ನಾಲ್ಕು ಚೈನ್ ಹಾಕಿ ತುದಿಗಳನ್ನು ಕೂಡಿಸಿಕೊಂಡು ಅದರೊಳಗೇ ಹನ್ನೆರಡನ್ನು ಹಾಕಬಹುದು, ನಡುವೆ ಸಣ್ಣದೊಂದು ತೂತು ಉಳಿಯುತ್ತದೆ ಅಷ್ಟೇ. ನಿನ್ನ ಮಗನ ತಲೆಯ ಸುತ್ತಳತೆಯನ್ನು ಹುಬ್ಬಿನ ಸ್ವಲ್ಪ ಮೇಲಿನಿಂದ, ಕಿವಿಗಳ ಮೇಲಾಗಿ ಅಳೆದು ಸೆಂಟಿಮೀಟರಿನಲ್ಲಿ ಬರೆದು ಕಳುಹಿಸು. ಮಳೆಗಾಲ ಮಡಿಕೇರಿಯಲ್ಲಿ ನಮ್ಮಲ್ಲಿಗಿಂತ ಚಳಿಯಾದ್ದರಿಂದ ಜೂನ್‌ಗೆ ಮೊದಲೇ ಅವನಿಗೊಂದು ಉಲ್ಲನ್ ಟೋಪಿ ಮುಗಿಸಬೇಕು. ಯಾವ ಬಣ್ಣವೆಂದು ಅವನನ್ನೇ ಕೇಳಿ ತಿಳಿಸು.

ಮನೆಯ ಹಿರಿಯರಿಗೆ ನನ್ನ ವಂದನೆಗಳನ್ನು ತಿಳಿಸು.

ಇತಿ,
ನಿನ್ನ ಕುಂಬಳೆಯ ಗೆಳತಿ