ಹಳೆಯ ಸಾಮಾನು ವಿಲೇವಾರಿ: ಭಾನುವಾರ ಲಾರಿ ಬರಲಿದೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಬರುವ ಭಾನುವಾರ ಬೆಳಿಗ್ಗೆ 9 ಗಂಟೆಗೆ ಹಳೆಯ ಸಾಮಾನು ಒಯ್ಯುವವರ ಲಾರಿ ನಮ್ಮ ಕಟ್ಟಡಕ್ಕೆ ಬರಲಿದ್ದು, ಸೋಫಾ, ಮಂಚ, ಹಾಸಿಗೆ, ಫ್ರಿಜ್‌ನಂತಹ ದೊಡ್ಡ ವಸ್ತುಗಳನ್ನು ಕೊಡುವವರು ಶುಕ್ರವಾರ ಸಂಜೆಯೊಳಗೆ ಅವುಗಳ ಫೋಟೊ ಮತ್ತು ಅಂದಾಜು ಅಳತೆಯನ್ನು ಈ ಗುಂಪಿನಲ್ಲಿ ಹಾಕಬೇಕೆಂದು ಕೋರುತ್ತೇನೆ. ಲಾರಿಯಲ್ಲಿ ಸಾಮಾನು ಹಿಡಿಯುವ ಜಾಗದ ಲೆಕ್ಕದಲ್ಲಿ ಬಾಡಿಗೆ ನಿಗದಿಯಾಗಿರುವುದರಿಂದ, ಮಂಚ ಮತ್ತು ಕಪಾಟುಗಳನ್ನು ಬಿಚ್ಚಿ ಕಟ್ಟಿಟ್ಟಷ್ಟೂ ಎಲ್ಲರಿಗೂ ಉಳಿತಾಯವಾಗುತ್ತದೆ.

ಒಯ್ದ ಸಾಮಾನು ಎಲ್ಲಿಗೆ ಹೋಗುತ್ತದೆಂಬುದನ್ನು ಬರವಣಿಗೆಯಲ್ಲಿ ಪಡೆದ ನಂತರವೇ ಇವರನ್ನು ಒಪ್ಪಿಕೊಂಡಿದ್ದೇನೆ. ಇದಕ್ಕಿಂತ ಕಡಿಮೆ ಬಾಡಿಗೆ ಹೇಳಿದ್ದ ಇನ್ನೊಬ್ಬರು ಆ ಪ್ರಶ್ನೆ ಬಂದಾಗಲೆಲ್ಲ ಮಾತು ತೇಲಿಸುತ್ತಿದ್ದುದರಿಂದ ಅವರನ್ನು ಕೈಬಿಟ್ಟೆ.

ಬ್ಯಾಟರಿ ಮತ್ತು ಟ್ಯೂಬ್‌ಲೈಟುಗಳನ್ನು ದಯವಿಟ್ಟು ಈ ಸಾಮಾನಿನೊಡನೆ ಬೆರೆಸಬೇಡಿ. ಮೊಬೈಲ್, ಲ್ಯಾಪ್‌ಟಾಪ್‌ಗಳ ಲಿಥಿಯಂ ಬ್ಯಾಟರಿ ಭಾರದಡಿ ಜಜ್ಜಿದರೆ ಒಳಗೇ ಶಾರ್ಟ್ ಆಗಿ ಹೊತ್ತಿಕೊಳ್ಳಬಹುದು. ಹಳೆಯ ಟ್ಯೂಬ್‌ಲೈಟ್ ಒಡೆದರೆ ಅದರೊಳಗಿನ ಪಾದರಸದ ಆವಿ ಹೊರಬರುತ್ತದೆ. ಬ್ಯಾಟರಿಯ ತುದಿಗಳಿಗೆ ಟೇಪ್ ಅಂಟಿಸಿ, ಟ್ಯೂಬ್‌ಗಳನ್ನು ರಟ್ಟಿನಲ್ಲಿ ಸುತ್ತಿ ನನಗೆ ಒಪ್ಪಿಸಿದರೆ, ಅವನ್ನು ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ನಾನೇ ತಲುಪಿಸುತ್ತೇನೆ. ಫ್ರಿಜ್ಜಿನ ಹಿಂಬದಿಯ ತಾಮ್ರದ ಕೊಳವೆಯನ್ನು ಯಾರೂ ಕತ್ತರಿಸಬಾರದು; ಕತ್ತರಿಸಿದರೆ ಒಳಗಿನ ಅನಿಲ ಗಾಳಿಗೆ ಸೇರುತ್ತದೆ. ಅನೇಕ ಫ್ರಿಜ್‌ಗಳಲ್ಲಿ ತಂಪು ಮಾಡಲು ತುಂಬಿರುವ ಆರ್-134ಎ ಅನಿಲವು ವಾತಾವರಣದಲ್ಲಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡ್‌ಗಿಂತ ಸಾವಿರ ಪಟ್ಟಿಗೂ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ.

ಇನ್ನೂ ಬಳಸಬಹುದಾದ ವಸ್ತುವಿದ್ದರೆ ಮೊದಲು ಇಲ್ಲಿ ತಿಳಿಸಿ, ಬೇಕಾದವರು ಕೊಂಡೊಯ್ಯಲಿ. ಕೊಡಲು ಏನೂ ಇಲ್ಲದವರು ಸಹ ‘ಇಲ್ಲ’ ಎಂದು ಉತ್ತರಿಸಿದರೆ ಲಾರಿಯ ಗಾತ್ರ ನಿರ್ಧರಿಸಲು ಅನುಕೂಲವಾಗುತ್ತದೆ.