ಗೋಡೆ ದಾಟುವ ಮೊದಲೇ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಓದಿದೆ. "ಕ್ಯಾನ್ಸರ್ ಕೋಶ ರಕ್ತದಲ್ಲಿ ತೇಲಿ ಬರುತ್ತದೆ, ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ, ನಾಳದ ಗೋಡೆ ದಾಟಿ ಆಚೆ ಬೆಳೆಯುತ್ತದೆ, ಅಷ್ಟೇ ಅಲ್ವಾ ದೊಡ್ಡಮ್ಮ" ಅಂತ ಕೇಳಿದ್ದೀಯ. ಅಷ್ಟೇ ಅಲ್ಲ ಪುಟ್ಟಿ.

ಸಿಕ್ಕಿಕೊಳ್ಳುವುದು ನಿಜ. ಮೈಯೆಲ್ಲ ಸುತ್ತಿ ಬಂದ ರಕ್ತ ಹೃದಯದ ಬಲಭಾಗದಿಂದ ನೇರ ಶ್ವಾಸಕೋಶಕ್ಕೇ ಹೋಗುತ್ತದೆ. ಅಲ್ಲಿನ ಲೋಮನಾಳಗಳಲ್ಲಿ ಕೆಂಪು ರಕ್ತಕಣವೂ ಮೈ ಮಡಚಿಕೊಂಡು, ಒಂದರ ಹಿಂದೆ ಒಂದು ತೂರಬೇಕು. ಕ್ಯಾನ್ಸರ್ ಕೋಶ ಅದರ ಸುಮಾರು ಎರಡು ಪಟ್ಟು ದಪ್ಪ. ಆದರೆ ಬಂದದ್ದೆಲ್ಲ ಬೆಳೆಯುವುದಿಲ್ಲ. 1970ರಲ್ಲಿ ಫಿಡ್ಲರ್ ಎಂಬ ಸಂಶೋಧಕರು ಇಲಿಗಳ ರಕ್ತಕ್ಕೆ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ ಕೋಶಗಳನ್ನು ಬಿಟ್ಟು ಲೆಕ್ಕ ಇಟ್ಟರು. ಒಂದೇ ದಿನದಲ್ಲಿ ಬಹುಪಾಲು ಸತ್ತಿದ್ದವು. ಒಂದಷ್ಟನ್ನು ರಕ್ತದ ರಭಸವೇ ಕೊಲ್ಲುತ್ತದೆ, ಒಂದಷ್ಟನ್ನು ಮೈ ಕಾಯುವ ಬಿಳಿ ರಕ್ತಕಣಗಳಾದ ಎನ್‌ಕೆ ಕೋಶಗಳು. ಪ್ಲೇಟ್‌ಲೆಟ್‌ಗಳು ಸುತ್ತ ಅಂಟಿಕೊಂಡು ಕಾಪಾಡಿದ ಕೆಲವು ಉಳಿಯುತ್ತವೆ.

ಉಳಿದವು ಎಲ್ಲಿ ಬೆಳೆಯಲು ಶುರು ಮಾಡುತ್ತವೆ? ಗೋಡೆ ದಾಟಿದ ಮೇಲೆ ಎಂದೇ ನಾನೂ ಓದಿದ್ದೆ. ಅದನ್ನೇ ನಂಬಿ, ಕ್ಯಾನ್ಸರ್ ಕೋಶಗಳಿಗೆ ಹಸಿರು ಬಣ್ಣ ಕೊಟ್ಟು, ಇಲಿಯ ಶ್ವಾಸಕೋಶದಲ್ಲಿ ವಾರಗಟ್ಟಲೆ ನಾಳದ ಹೊರಗಡೆಯೇ ಹುಡುಕಿದೆ. ಒಂದು ಸಂಜೆ ನಾಳದ ಗೋಡೆಗೂ ಕೆಂಪು ಬಣ್ಣ ಹಾಕಿ ನೋಡಿದೆ. ಐದಾರು ಹಸಿರು ಕೋಶಗಳ ಪುಟ್ಟ ಗೊಂಚಲು, ಅದರ ಸುತ್ತ ಎಲ್ಲೂ ತುಂಡಾಗದ ಕೆಂಪು ಗೆರೆ. ಗೊಂಚಲು ನಾಳದ ಒಳಗೇ ಇತ್ತು! 2000ದಲ್ಲಿ ಅಲ್‌-ಮೆಹ್ದಿ ಎಂಬ ಸಂಶೋಧಕರು ಮತ್ತು ಜೊತೆಗಾರರು ಇದನ್ನೇ ತೋರಿಸಿದ್ದರು: ಕೋಶ ನಾಳದ ಒಳಗೋಡೆಗೆ ಅಂಟಿಕೊಂಡು, ಅಲ್ಲೇ ಒಡೆದು ಎರಡಾಗಬಲ್ಲದು. ಹೊರಗೆ ಬರಲೇಬೇಕು ಅಂತಿಲ್ಲ.

ಇದು ಸುಮ್ನೆ ವಾದಕ್ಕೆ ಹೇಳುವ ಮಾತಲ್ಲ. ಬೆಳವಣಿಗೆ ಒಳಗೇ ಶುರುವಾದರೆ, ಗೋಡೆ ದಾಟುವುದನ್ನಷ್ಟೇ ತಡೆಯುವ ಔಷಧಿಯಿಂದ ಏನು ಪ್ರಯೋಜನ? ಹಾಗಂತ ಎಲ್ಲ ಕ್ಯಾನ್ಸರೂ ಹೀಗೇ ಎಂದುಕೊಳ್ಳಬೇಡ. ದಾಟಿ ಹೋಗಿ ಬೆಳೆಯುವುದನ್ನು ಕಂಡವರೂ ಇದ್ದಾರೆ. ಬಾಲದ ನಾಳಕ್ಕೆ ಒಮ್ಮೆಲೇ ಲಕ್ಷಗಟ್ಟಲೆ ಕೋಶ ಚುಚ್ಚಿದ ಇಲಿ ಬೇರೆ, ಕ್ಯಾನ್ಸರ್ ಗಂಟಿನಿಂದ ದಿನವೂ ಒಂದಿಷ್ಟು ಕೋಶ ಕಳಚಿಕೊಳ್ಳುವ ರೋಗಿ ಬೇರೆ.

ನಿನ್ನ ಇಲಿಗಳ ಪ್ರಯೋಗದಲ್ಲಿ ಒಂದು ಕೆಲಸ ಮಾಡು. ಮೂರನೇ ವಾರದ ದೊಡ್ಡ ಗಂಟುಗಳನ್ನು ಎಣಿಸಲು ಕಾಯಬೇಡ. ಅಷ್ಟು ಹೊತ್ತಿಗೆ ಗೋಡೆ ಯಾವುದು, ಗಂಟು ಯಾವುದು ಗೊತ್ತಾಗುವುದಿಲ್ಲ. ಮೊದಲ ದಿನ ನೋಡು, ಮೂರನೇ ದಿನ ನೋಡು. ಎರಡಾಗದೆ, ಸಾಯದೆ ಒಂಟಿಯಾಗಿ ಕೂತ ಕೋಶ ಕಂಡರೆ ಅದನ್ನೂ ಬರೆದಿಡು. ಅಂಥವು ಎಷ್ಟೋ ಕಾಲ ಮಲಗಿದ್ದು ಆಮೇಲೆ ಏಳಬಹುದು. ಅವುಗಳ ಬಗ್ಗೆಯೇ ನನಗೆ ಭಯ ಜಾಸ್ತಿ.

ಮೂರನೇ ದಿನದ ಚಿತ್ರ ಕಳಿಸು. ಗೋಡೆಗೂ ಬಣ್ಣ ಹಾಕಿರು.

ನಿನ್ನ
ದೊಡ್ಡಮ್ಮ